ಬಾಂಡಿಗೆ ಹೆಬ್ಬೆಟ್ಟು ಒತ್ತಿದ್ದೇವೆ, ದಾರಿ ಇದೆಯೇ?

ಪ್ರಶ್ನೆ: ನಮ್ಮ ಮನೆಯವರು ಬೆಂಗಳೂರಲ್ಲಿ ಪೇಂಟಿಂಗ್ ಕೆಲಸಕ್ಕಿದ್ದರು. ಅಪಾರ್ಟ್‌ಮೆಂಟಿನ ಹೊರಗೋಡೆಗೆ ಪುಟ್ಟಿ ಹಾಕುವಾಗ ಸಾರವೆಯ ಹಲಗೆ ಜಾರಿ ಎರಡನೇ ಮಹಡಿಯಿಂದ ಬಿದ್ದರು. ಹಿಮ್ಮಡಿ ಮುರಿದಿದೆ. ಈಗ ಸೊಂಟನೋವು, ಕೂರಲೂ ಆಗುತ್ತಿಲ್ಲ. ‘ಮನೆ ಮೆಟ್ಟಿಲಿಂದ ಬಿದ್ದರು’ ಎಂದು ಮೇಸ್ತ್ರಿಯೇ ಆಸ್ಪತ್ರೆಯಲ್ಲಿ ಬರೆಸಿದ. ಬಿಲ್ ಕಟ್ಟಿ, ಇನ್ನೇನೂ ಕೇಳುವುದಿಲ್ಲ ಎಂಬ ಬಾಂಡಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ. ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟ್ ಕೊಟ್ಟಿರಲೇ ಇಲ್ಲ. ಈಗ ಹಾಕದ್ದು ಅವರದೇ ತಪ್ಪಂತೆ. ಊರಿಗೆ ಬಂದುಬಿಟ್ಟಿದ್ದೇವೆ. ಏನು ಮಾಡಲಿ?
– ಹೆಸರು ಬೇಡ, ಸಿಂಧನೂರು ತಾಲ್ಲೂಕು

ಉತ್ತರ: ತಂಗೀ, ಕೋರ್ಟಿನ ಮಾತು ಆಮೇಲೆ. ಇವತ್ತೇ ಮೂಳೆ ಡಾಕ್ಟರಿಗೆ ಸೊಂಟ ತೋರಿಸಿ. ಎತ್ತರದಿಂದ ಕಾಲೂರಿ ಬಿದ್ದು ಹಿಮ್ಮಡಿ ಮುರಿದವರಿಗೆ ಬೆನ್ನುಮೂಳೆಯೂ ಜಜ್ಜಿರುವುದುಂಟು. ಕಾಲುನೋವಿನ ಗದ್ದಲದಲ್ಲಿ ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ. ಈ ಸಲ ‘ಸಾರವೆಯಿಂದ ಬಿದ್ದದ್ದು’ ಎಂದೇ ಹೇಳಿ, ಚೀಟಿಯಲ್ಲಿ ಬರೆಸಿ. ಆ ಮೆಟ್ಟಿಲಿನ ಕಥೆ ಎಷ್ಟು ಸಂಸಾರಗಳ ಅನ್ನ ಕಿತ್ತುಕೊಂಡಿದೆಯೋ!

ಬಾಂಡಿಗೆ ಹೆದರಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂಬ ಒಪ್ಪಂದ ಕಾರ್ಮಿಕರ ಪರಿಹಾರದ 1923ರ ಕಾಯ್ದೆಯ ಕಾಲದಿಂದಲೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆಸ್ಪತ್ರೆಗೆ ಕಟ್ಟಿದ ದುಡ್ಡನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತೆಯೂ ಇಲ್ಲ. ಇನ್ನು ಬೆಲ್ಟು. ಕೊಡದ ಬೆಲ್ಟನ್ನು ಹಾಕಲಿಲ್ಲ ಎನ್ನುವುದು ಯಾವ ನ್ಯಾಯ? ಕೊಟ್ಟರೂ ಅದನ್ನು ಸಾರವೆಯ ಗಳಕ್ಕೇ ಸಿಕ್ಕಿಸಿದರೆ ಗಳದ ಜೊತೆ ಮನುಷ್ಯನೂ ಬೀಳುತ್ತಾನೆ. ಮೇಲೆ ಕಟ್ಟಡದ ಗಟ್ಟಿ ಭಾಗಕ್ಕೆ ಕಟ್ಟಿದ ಹಗ್ಗ ಬೇರೆಯೇ ಇರಬೇಕು. ನಾನು ನೋಡಿದ ಪೇಂಟಿಂಗ್ ಸೈಟುಗಳಲ್ಲಿ ಆ ಹಗ್ಗ ಕಂಡದ್ದೇ ಅಪರೂಪ, ಅದಕ್ಕೇ ಇಷ್ಟು ಸಿಟ್ಟು.

ಪರಿಹಾರದ ದುಡ್ಡನ್ನು ಮೇಸ್ತ್ರಿ ಎಲ್ಲಿಂದ ತಂದು ಕೊಟ್ಟಾನು ಎನ್ನುವವರೂ ಸಿಗುತ್ತಾರೆ. ಅವನಿಗೆ ಕೆಲಸ ವಹಿಸಿದ ದೊಡ್ಡ ಗುತ್ತಿಗೆದಾರನೂ ಹೊಣೆಗಾರನೇ. ಪರಿಹಾರದ ಅರ್ಜಿಯಲ್ಲಿ ಇಬ್ಬರನ್ನೂ ಸೇರಿಸಿ. ಬಿದ್ದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಇದಕ್ಕೆ ಬೆಂಗಳೂರಿಗೆ ಓಡಾಡಬೇಕಿಲ್ಲ, ನೀವು ವಾಸವಿರುವ ಕಡೆಯೇ ಹಾಕಬಹುದು.

ಜೊತೆಗಿದ್ದ ಆಳುಗಳ ಫೋನ್ ನಂಬರು, ಸೈಟಿನ ಫೋಟೊ, ಕೂಲಿ ಫೋನ್‌ಗೆ ಬಂದಿದ್ದರೆ ಅದರ ಮೆಸೇಜು ಎಲ್ಲ ತೆಗೆದಿಡಿ. ಮೇಸ್ತ್ರಿಯ ಒಂದು ವಾಟ್ಸಾಪ್ ಧ್ವನಿಸಂದೇಶವನ್ನೂ ಅಳಿಸಬೇಡಿ. ಇವನ್ನು ಹಿಡಿದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಕೋರ್ಟಿನಲ್ಲೇ ವಿಚಾರಿಸಿ. ಹೆಣ್ಣುಮಕ್ಕಳಿಗೂ ಕಾರ್ಮಿಕರಿಗೂ ಅಲ್ಲಿ ವಕೀಲರ ಫೀಸಿಲ್ಲ. ನಿಮ್ಮ ಮನೆಯವರ ಹತ್ತಿರ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದರೆ ಅಪಘಾತದ ನೆರವಿಗೆ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಬೇರೆಯೇ ಅರ್ಜಿ ಕೊಡಿ.