ಫೋಟೊ ತೆಗೆದರೆ ಗ್ರಂಥಾಲಯ ಆಯಿತೇ?

ಇಂಡಿ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ವಿಶ್ವವಿದ್ಯಾಲಯಗಳ ಡಿಜಿಟಲ್ ಗ್ರಂಥಾಲಯ ಕೇಂದ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ನಮ್ಮ ಅಟ್ಟದ ಮೇಲೆ ಎರಡು ಟ್ರಂಕು ಹಳೇ ಮಾಸಪತ್ರಿಕೆಗಳಿವೆ. ಮೊಮ್ಮಗ ಮೊಬೈಲಿನಲ್ಲಿ ಫೋಟೊ ತೆಗೆದು ಡ್ರೈವ್‌ಗೆ ಹಾಕುತ್ತಿದ್ದಾನೆ. ಇಷ್ಟು ಕೆಲಸಕ್ಕೆ ಒಂದು ಕೇಂದ್ರ, ಸಂಬಳದ ಜನ, ಸಂಶೋಧನೆ ಎಲ್ಲ ಯಾಕೆ ಬೇಕು?"

ಮಾಸ್ತರರೇ, ಮೊದಲು ಮೊಮ್ಮಗನಿಗೆ ನನ್ನ ಶಾಬ್ಬಾಸ್ ಹೇಳಿ. ಗೆದ್ದಲು ಹತ್ತುವ ಮೊದಲೇ ಟ್ರಂಕು ತೆಗೆದನಲ್ಲ, ಅದು ದೊಡ್ಡ ಕೆಲಸ. ಆದರೆ ಫೋಟೊ ತೆಗೆಯುವುದು ಇದರಲ್ಲಿ ಸುಲಭದ ಭಾಗ. ಆ ಪುಟ ಬೇಕಾದವರಿಗೆ, ಬೇಕಾದಾಗ, ಹುಡುಕಿದರೆ ಸಿಗಬೇಕು. ಕಷ್ಟ ಇರುವುದು ಅಲ್ಲಿ.

ನಮ್ಮೂರಿನ ಉದಾಹರಣೆಯನ್ನೇ ನೋಡಿ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ತಾಳೆಗರಿ ಕೂಡಿಸಿದರು, ವಿಜಯಪುರದಲ್ಲಿ ಪ್ರೆಸ್ಸು ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಅದರ ಒಂದು ಹಳೇ ಸಂಚಿಕೆ ನಿಮ್ಮ ಟ್ರಂಕಿನಲ್ಲಿದೆ ಎಂದುಕೊಳ್ಳಿ. ಮೊಬೈಲು ಅದಕ್ಕೆ ಯಾವುದೋ ನಂಬರಿನ ಹೆಸರು ಕೊಟ್ಟಿರುತ್ತದೆ. ಮೈಸೂರಿನ ಹುಡುಗಿಯೊಬ್ಬಳು ಅದೇ ಸಂಚಿಕೆ ಹುಡುಕುತ್ತಿದ್ದಾಳೆ. ಅವಳು ಹಳಕಟ್ಟಿ ಅಂತ ಬರೆಯಬಹುದು, ಫಕೀರಪ್ಪ ಗುರುಬಸಪ್ಪ ಅಂತ ಪೂರ್ತಿ ಬರೆಯಬಹುದು, ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯಬಹುದು. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ರಿಂದ ಸರ್ಕಾರಿ ಹೆಸರು ವಿಜಯಪುರ, ಹಳೇ ಪುಟದಲ್ಲಿ ಬಿಜಾಪುರ, ಕೆಲವು ಕಡೆ ವಿಜಾಪುರ. ಇವೆಲ್ಲ ಒಂದೇ ಎಂದು ಯಾರಾದರೂ ಕೂತು ಬರೆದಿಟ್ಟಿರದಿದ್ದರೆ ಅವಳಿಗೆ ಏನೂ ಸಿಗುವುದಿಲ್ಲ.

ದಿನಾಂಕದ ಕಷ್ಟ ಇನ್ನೂ ಜಾಸ್ತಿ. ಮುಖಪುಟದಲ್ಲಿ ಬರೀ "ಕ್ಷಯ ಸಂವತ್ಸರ" ಅಂತ ಇದ್ದರೆ ಅದು 1926-27 ಇರಬಹುದು, 1986-87 ಕೂಡ ಇರಬಹುದು, ಯಾಕೆಂದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಗದ, ಅಚ್ಚಿನ ಅಕ್ಷರದ ರೂಪ, ಜಾಹೀರಾತು ನೋಡಿ ತೀರ್ಮಾನ ಮಾಡಬೇಕು. ಇಂಥ ವಿವರಗಳಿಗೆ ಗ್ರಂಥಾಲಯದವರು ಮೆಟಾಡೇಟಾ ಅನ್ನುತ್ತಾರೆ. ಬರೆಯುವುದಕ್ಕೆ ಡಬ್ಲಿನ್ ಕೋರ್ ಎಂಬ 15 ಅಂಶಗಳ ಒಂದು ಪದ್ಧತಿ ಇದೆ: ಶೀರ್ಷಿಕೆ, ಕರ್ತೃ, ದಿನಾಂಕ, ಭಾಷೆ, ಹಕ್ಕು, ಹೀಗೆ. ಎಲ್ಲ ಕಡೆ ಒಂದೇ ಪದ್ಧತಿ ಇದ್ದರೆ ಇಲ್ಲಿಯ ಪಟ್ಟಿಯನ್ನು ಬೇರೆ ಊರಿನ ಗ್ರಂಥಾಲಯವೂ ಓದಿಕೊಳ್ಳುತ್ತದೆ.

ಇನ್ನು ಸಂಶೋಧನೆ ಯಾಕೆ ಅಂದಿರಿ. ನಮ್ಮ ಪತ್ರಿಕೆಗೇ ಆದದ್ದು ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಸಂಚಿಕೆಗಳ ಫೈಲುಗಳನ್ನು ಸಿಡಿಯಲ್ಲಿ ಇಟ್ಟಿದ್ದೆವು. ಮೊನ್ನೆ ತೆರೆದರೆ ಒಂದು ಸಾಲೂ ಕನ್ನಡ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಎಂಬ ಅಕ್ಷರ ಪದ್ಧತಿಗೆ ಬದಲಾಯಿಸಿ, ಒತ್ತಕ್ಷರ ಹಾಳಾದಲ್ಲಿ ಕೈಯಿಂದ ತಿದ್ದಿ, ಅರ್ಧದಷ್ಟು ಉಳಿಸಿಕೊಂಡಿದ್ದೇವೆ. ಉಳಿದರ್ಧ ಸಿಡಿಯೇ ಓದುತ್ತಿಲ್ಲ. ಆ ವರ್ಷಗಳಲ್ಲಿ ನಮಗೆ ಬರೆದ ಕೆಲವರು ಈಗ ಇಲ್ಲ ಮಾಸ್ತರರೇ, ಅವರ ಕೈಬರಹವೂ ನಮ್ಮಲ್ಲಿಲ್ಲ. ಈ ನೋವು ಇನ್ನೂ ಹೋಗಿಲ್ಲ.

ಇಂಥದ್ದು ಆಗದಂತೆ ನೋಡಿಕೊಳ್ಳುವುದು ಕೇಂದ್ರಗಳ ಕೆಲಸ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದವರು ಡಿಜಿಟಲ್ ಗ್ರಂಥಾಲಯ ಕಟ್ಟುವ ಗ್ರೀನ್‌ಸ್ಟೋನ್ ಎಂಬ ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟರು. ಯುನೆಸ್ಕೋ ಅದನ್ನು ಹಂಚಲು ಜೊತೆಯಾಯಿತು. ಇಂಟರ್ನೆಟ್ ಇಲ್ಲದ ಊರಿಗೆ ಸಿಡಿಯಲ್ಲೇ ಇಡೀ ಗ್ರಂಥಾಲಯ ಕಳಿಸಬಹುದಿತ್ತು. ಇಂಥದ್ದೇ ಇನ್ನೊಂದು ತಂತ್ರಾಂಶ ಡಿಸ್ಪೇಸ್ ಬಂದದ್ದು 2002ರಲ್ಲಿ, ಅಮೆರಿಕದ ಎಂಐಟಿಯಿಂದ. ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1962ರಲ್ಲಿ ಕಟ್ಟಿದ ಡಿಆರ್‌ಟಿಸಿ ಎಂಬ ಸಂಶೋಧನೆ, ತರಬೇತಿ ಕೇಂದ್ರ ಡಿಸ್ಪೇಸ್ ಬಳಸುವುದನ್ನು ನಮ್ಮ ಗ್ರಂಥಪಾಲಕರಿಗೆ ಕಲಿಸಿತು. ತಂತ್ರಾಂಶ ಪುಕ್ಕಟೆ ಸಿಕ್ಕರೂ ಹಾಕಿಕೊಡುವವರು, ಕೆಟ್ಟಾಗ ಫೋನ್ ಎತ್ತುವವರು ಬೇಕಲ್ವಾ? ಸಣ್ಣ ಊರಿನ ಕಾಲೇಜಿಗೆ ಅದೇ ಮುಖ್ಯ. ನನ್ನ ಪ್ರಕಾರ ಸಂಬಳ ಕೊಡಬೇಕಾದದ್ದು ಸ್ಕ್ಯಾನರಿಗಿಂತ ಮೊದಲು ಆ ಮನುಷ್ಯನಿಗೆ.

ಹಕ್ಕಿನ, ಅಂದರೆ ಕಾಪಿರೈಟಿನ ವಿಷಯವೂ ಇದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹಳಕಟ್ಟಿಯವರು ಹೋದದ್ದು 1964ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟಿಸಿದ ಬರಹ 2025ರ ಜನವರಿ 1ರಿಂದ ಎಲ್ಲರದ್ದು. ಆದರೆ ಅದೇ ಸಂಚಿಕೆಯಲ್ಲಿ ಬೇರೆಯವರ ಲೇಖನ ಇದ್ದರೆ ಅದರ ಲೆಕ್ಕ ಬೇರೆ, ಒಬ್ಬೊಬ್ಬರದೂ ನೋಡಬೇಕು.

ಈಗ ಮೊಮ್ಮಗನಿಗೆ ನಾಲ್ಕು ಮಾತು. ಒಂದು ನೋಟ್‌ಬುಕ್ಕಿನಲ್ಲಿ ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಸಂವತ್ಸರ, ಹರಿದ ಪುಟಗಳು, ಇಷ್ಟನ್ನು ಬರೆಯಲಿ. ಹರಿದಲ್ಲಿ ಸೆಲ್ಲೋಟೇಪು ಹಚ್ಚಬಾರದು, ಅದರ ಅಂಟು ಕಾಗದವನ್ನು ಹಳದಿ ಮಾಡುತ್ತದೆ. ಹೊಲಿಗೆಯ ಹತ್ತಿರದ ಅಕ್ಷರ ಕಾಣಲಿಲ್ಲ ಅಂತ ಬೆನ್ನು ಮುರಿಯುವುದು ಬೇಡ, ಪುಸ್ತಕವನ್ನು ಅರ್ಧ ತೆರೆದೇ ತೆಗೆಯಲಿ. ಫೋಟೊಗಳ ಇನ್ನೊಂದು ಪ್ರತಿ ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ ಇರಲಿ. ನೋಟ್‌ಬುಕ್ಕಿನ ಪಟ್ಟಿ ನಮ್ಮ ಕಚೇರಿಗೆ ಕಳಿಸಿ, ಅಪರೂಪದವು ಯಾವುವು ಅಂತ ತಿಳಿದವರಿಗೆ ತೋರಿಸುತ್ತೇನೆ. ಟ್ರಂಕನ್ನು ಮಾತ್ರ ಬಸ್ಸಿನ ಮೇಲೆ ಹಾಕಿ ಕಳಿಸಬೇಡಿ, ನಾವೇ ಬರುತ್ತೇವೆ.