ಸೀಡ್ ಯಾರ ಹತ್ತಿರ ಇದೆ?

ಲೆಕ್ಕದಲ್ಲಿ ಚುರುಕಾದ ಹುಡುಗರು ಹಣ ಕಟ್ಟುವ ಆಟಕ್ಕೆ ಬಿದ್ದು ಸಮಾಲೋಚನೆಗೆ ನನ್ನ ಹತ್ತಿರ ಬರುವುದು ಹೊಸದಲ್ಲ. ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ವಿಷಯ ಬರೆಯುತ್ತಿದ್ದೇನೆ. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಆಡುತ್ತಿದ್ದದ್ದು ಮುಂದೆ ಕೆಂಪು ಬರುತ್ತೋ ಹಸಿರೋ ಅಂತ ಹಣ ಕಟ್ಟುವ ಆಪ್. 2025ರ ಆಗಸ್ಟ್‌ನಲ್ಲಿ ಇಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದ ಮೇಲೂ ಟೆಲಿಗ್ರಾಂನಲ್ಲಿ ಅವರಿಗೆ ಲಿಂಕ್ ಬರುತ್ತಲೇ ಇದ್ದವು. ಕರೆದುಕೊಂಡು ಬಂದದ್ದು ಅಕ್ಕ.

ಎರಡನೇ ಭೇಟಿಗೆ ಒಂದು ಲಾಂಗ್ ನೋಟ್‌ಬುಕ್ ತಂದರು. ಪುಟದ ತುಂಬ ಕೆಂಪು, ಹಸಿರು ಸ್ಕೆಚ್ ಪೆನ್ನಿನ ಚುಕ್ಕೆಗಳು, ಪಕ್ಕದಲ್ಲಿ ಸಮಯ. ಸೋತಾಗಲೆಲ್ಲ ಡಬಲ್: 100, 200, 400. ಸತತ ಏಳು ಸಲ ಸೋತ ಕಡೆ ಒಟ್ಟು 12,700 ಅಂತ ಬರೆದು ಎರಡು ಗೆರೆ ಎಳೆದಿದ್ದರು. ಎಂಟನೆಯದಕ್ಕೆ 12,800 ಬೇಕು. ಲೋನ್ ಆಪ್ ಶುರುವಾಗಿದ್ದು ಅಲ್ಲಿಂದ.

“ಮೇಡಂ, ಕಂಪ್ಯೂಟರ್ ಕೊಡೋದು ನಿಜವಾದ ರ್ಯಾಂಡಮ್ ಅಲ್ಲ. ಸೀಡ್ ಅಂತ ಒಂದು ಶುರುವಿನ ಸಂಖ್ಯೆ ಇರುತ್ತೆ. ಅದೇ ಸೀಡ್ ಕೊಟ್ರೆ ಅದೇ ಸಾಲು ಮತ್ತೆ ಬರುತ್ತೆ. ಪ್ಯಾಟರ್ನ್ ಇದ್ದೇ ಇದೆ.”

ಇದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ರ್ಯಾಂಡಮ್ ಸಂಖ್ಯೆ ಹುಟ್ಟಿಸಲು ಎಷ್ಟೋ ಪ್ರೋಗ್ರಾಂಗಳು ಬಳಸುವ ಮರ್ಸೆನ್ ಟ್ವಿಸ್ಟರ್ ಅನ್ನುವ ವಿಧಾನದಲ್ಲಿ ಸಾಲಾಗಿ 624 ಸಂಖ್ಯೆ ಪೂರ್ತಿ ಸಿಕ್ಕರೆ ಮುಂದಿನದನ್ನೆಲ್ಲ ಹೇಳಬಹುದು. ಆದರೆ ಇವರಿಗೆ ಕಾಣುತ್ತಿದ್ದದ್ದು ಬರೀ ಬಣ್ಣ. ಒಳಗೆ ಯಾವ ವಿಧಾನ ಓಡುತ್ತಿದೆ ಅನ್ನುವುದೂ ಗೊತ್ತಿಲ್ಲ.

“ಸೀಡ್ ಯಾರ ಹತ್ತಿರ ಇದೆ?” ಅಂದೆ.

“ಆಪ್‌ನೋರ ಹತ್ರ.”

“ಹಾಗಾದ್ರೆ ಪ್ಯಾಟರ್ನ್ ಮೊದಲು ಗೊತ್ತಾಗೋದು ಯಾರಿಗೆ? ಪ್ಯಾಟರ್ನ್ ಇಲ್ಲ ಅಂದ್ರೆ ಈ ಪುಸ್ತಕ ಯಾಕೆ?”

ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಅವರೇ ಅಂದರು: “ಎಲ್ಲಿ ದುಡ್ಡು ಕಮ್ಮಿ ಬಿದ್ದಿದೆ ಅಂತ ನೋಡ್ಕೊಂಡು ಬಣ್ಣ ಬಿಟ್ರೂ ನನಗೆ ಗೊತ್ತಾಗಲ್ಲ. ಆಫೀಸಲ್ಲಿ ಹಿಂಗೆ ಟೆಸ್ಟ್ ಮಾಡಿದ್ರೆ ಉಗೀತಾರೆ.”

ಚಟದವರ ಜೊತೆ ಲೆಕ್ಕದ ವಾದ ಬೇಡ ಅನ್ನುವ ಸಹೋದ್ಯೋಗಿಗಳಿದ್ದಾರೆ. ಇವರ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಆ ಜಾಣತನವನ್ನು ಗೌರವಿಸದೆ ಬೇರೆ ಏನು ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ. ಹಾಗಂತ ವಾದದಿಂದ ಚಟ ಬಿಡುತ್ತೆ ಅಂತಲೂ ಅಲ್ಲ. ಅದಕ್ಕೇ ಸಂಬಳ ಅಕ್ಕ ನೋಡಿಕೊಳ್ಳುವ ಖಾತೆಗೆ ಹೋಗಲಿ, ಫೋನಿನಿಂದ ಯುಪಿಐ ತೆಗೆಯಿರಿ, ಆ ಗುಂಪುಗಳಿಂದ ಹೊರಬನ್ನಿ ಅಂದೆ. ಫೋನ್, ಇಂಟರ್ನೆಟ್ ಚಟಕ್ಕೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೂ ಕಳಿಸಿದೆ. ರಾತ್ರಿ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416.

ಬಳೆ ಅಡ ಇಟ್ಟು ಸಾಲವನ್ನೆಲ್ಲ ಒಂದೇ ಸಲ ತೀರಿಸಿಬಿಡ್ತೀನಿ ಅಂದರು ಅಕ್ಕ. ಬೇಡ ಅಂದೆ. ಸಾಲ ತೀರಿದ ಕೂಡಲೇ ಅದೇ ಆಪ್ ಮತ್ತೆ ಸಾಲ ಕೊಡಲು ರೆಡಿ ಇರುತ್ತೆ. ಮೊದಲು ಎಲ್ಲ ಸಾಲ ಪಟ್ಟಿ ಮಾಡಿ, ಅವರ ಸಂಬಳದಿಂದಲೇ ಕಂತು ಕಟ್ಟಿಸಿ ಅಂದೆ.

“ನಿಮ್ಮ ತಮ್ಮ ಆಗಿದ್ರೂ ಹೀಗೇ ಹೇಳ್ತಿದ್ರಾ?” ಅಂತ ಸಿಟ್ಟಾದರು.

ಹೂಂ, ಹೀಗೇ ಹೇಳ್ತಿದ್ದೆ.