ಐಎಂಎ ಯಾರ ಪರವಾಗಿ ಮಾತನಾಡುತ್ತದೆ?

ಪ್ರಶ್ನೆ: 2024ರ ಆಗಸ್ಟ್ 17ರಂದು ವೈದ್ಯರ ಮುಷ್ಕರದಿಂದಾಗಿ ನಮ್ಮ ತಾಲ್ಲೂಕು ಕೇಂದ್ರದ ಖಾಸಗಿ ಆಸ್ಪತ್ರೆಗಳಲ್ಲಿ ಓಪಿಡಿ ಬಂದ್ ಆಗಿತ್ತು. ಸಕ್ಕರೆ ಕಾಯಿಲೆಯಿರುವ ತಾಯಿಯನ್ನು ಕರೆದುಕೊಂಡು ಹೋಗಿದ್ದ ನಾವು ಬಂದ ದಾರಿಯಲ್ಲೇ ಮರಳಿದೆವು. ಕರೆ ಕೊಟ್ಟದ್ದು ಭಾರತೀಯ ವೈದ್ಯಕೀಯ ಸಂಘ ಎಂದು ಆಮೇಲೆ ತಿಳಿಯಿತು. ಇದು ಸರ್ಕಾರದ ಸಂಸ್ಥೆಯೇ? ವೈದ್ಯರ ಹಿತ ಕಾಯುವ ಸಂಘವು ಜನರ ಆರೋಗ್ಯದ ಹೆಸರಿನಲ್ಲಿ ಮಾತನಾಡಿದರೆ ನಂಬುವುದು ಹೇಗೆ? ವೈದ್ಯರ ಮೇಲೆ ದೂರಿದ್ದರೆ ಈ ಸಂಘಕ್ಕೇ ಕೊಡಬಹುದೇ?
(ಹಾಸನ ಜಿಲ್ಲೆಯ ಓದುಗರೊಬ್ಬರು)

ಉತ್ತರ: ಭಾರತೀಯ ವೈದ್ಯಕೀಯ ಸಂಘ, ಅಂದರೆ ಎಲ್ಲರ ಬಾಯಲ್ಲಿರುವ ಐಎಂಎ, ಸರ್ಕಾರದ ಸಂಸ್ಥೆಯಲ್ಲ. 1928ರಲ್ಲಿ ಕಲ್ಕತ್ತೆಯ ವೈದ್ಯಕೀಯ ಸಮ್ಮೇಳನವೊಂದರಲ್ಲಿ ಹುಟ್ಟಿದ, ಆಧುನಿಕ ವೈದ್ಯಪದ್ಧತಿಯ ವೈದ್ಯರು ಸ್ವಇಚ್ಛೆಯಿಂದ ಸೇರುವ ನೋಂದಾಯಿತ ಸಂಘ ಇದು. ಊರಿನ ಶಾಖೆ, ಅದರ ಮೇಲೆ ರಾಜ್ಯ ಶಾಖೆ, ಎಲ್ಲಕ್ಕೂ ಮೇಲೆ ದೆಹಲಿಯ ಕೇಂದ್ರ ಕಚೇರಿ ಎಂಬುದು ಅದರ ರಚನೆ. ಸದಸ್ಯರ ಸಂಖ್ಯೆ ಮೂರೂವರೆ ಲಕ್ಷಕ್ಕೂ ಹೆಚ್ಚು. ಮುಂದೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾದ ವೈದ್ಯ ಬಿಧಾನ್ ಚಂದ್ರ ರಾಯ್ ಅವರಂಥವರು ಆರಂಭದ ದಿನಗಳಲ್ಲಿ ಕಟ್ಟಿ ಬೆಳೆಸಿದ ಈ ಸಂಘಕ್ಕೆ ವೈದ್ಯರ ನೋಂದಣಿ ಮಾಡುವ ಅಧಿಕಾರವಾಗಲಿ ರದ್ದುಪಡಿಸುವ ಅಧಿಕಾರವಾಗಲಿ ಇಲ್ಲ. ಆ ಕೆಲಸ ರಾಷ್ಟ್ರೀಯ ವೈದ್ಯಕೀಯ ಆಯೋಗ ಮತ್ತು ರಾಜ್ಯ ವೈದ್ಯಕೀಯ ಪರಿಷತ್ತುಗಳದ್ದು. ಸಂಘಕ್ಕಿರುವುದು ಮನವಿ ಪತ್ರ, ಸಚಿವರ ಭೇಟಿ, ನ್ಯಾಯಾಲಯದ ಅರ್ಜಿ ಮತ್ತು ಕೊನೆಯ ಅಸ್ತ್ರವಾಗಿ ಮುಷ್ಕರ.

ನೀವು ಹೇಳಿದ ದಿನದ ಮುಷ್ಕರದ ಹಿನ್ನೆಲೆ ಗೊತ್ತೇ ಇದೆ. ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಆಗಸ್ಟ್ 9ರಂದು ಕರ್ತವ್ಯದಲ್ಲಿದ್ದ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಲೆ ಮಾಡಲಾಗಿತ್ತು. ಅದನ್ನು ಪ್ರತಿಭಟಿಸಿ ಸಂಘವು 17ರ ಬೆಳಗಿನ 6 ಗಂಟೆಯಿಂದ 24 ಗಂಟೆಗಳ ಕಾಲ ತುರ್ತು ಸೇವೆಯನ್ನು ಬಿಟ್ಟು ಉಳಿದೆಲ್ಲವನ್ನೂ ನಿಲ್ಲಿಸಲು ಕರೆ ಕೊಟ್ಟಿತು. ವೈದ್ಯರ ಮೇಲಿನ ಹಲ್ಲೆಯ ವಿರುದ್ಧ ಕೇಂದ್ರ ಕಾನೂನು ಬೇಕೆಂಬ ಹಳೆಯ ಬೇಡಿಕೆಯ ಜೊತೆಗೆ, ಕಿರಿಯ ವೈದ್ಯರನ್ನು 36 ಗಂಟೆಗಳ ಪಾಳಿಯಲ್ಲಿ ದುಡಿಸುವ ಪದ್ಧತಿ ಬದಲಾಗಬೇಕೆಂಬ ಬೇಡಿಕೆಯೂ ಅದರಲ್ಲಿತ್ತು. ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಈ ಎರಡನೆಯದೇ. ಒಂದೂವರೆ ದಿನ ನಿದ್ದೆಗೆಟ್ಟ ವೈದ್ಯರ ಕೈಗೆ ರೋಗಿಯ ಜೀವ ಒಪ್ಪಿಸುವುದು ಇಬ್ಬರಿಗೂ ಅಪಾಯ. ಇಲ್ಲಿ ವೈದ್ಯರ ಹಿತ ಬೇರೆ, ರೋಗಿಯ ಹಿತ ಬೇರೆ ಎಂಬ ಮಾತೇ ಇಲ್ಲ. ನಿಮ್ಮ ತಾಯಿಯವರಿಗಾದ ತೊಂದರೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಮುಷ್ಕರದ ಬೆಲೆ ತೆರುವವರು ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬರುವ ರೋಗಿಗಳೇ. ಆದ್ದರಿಂದಲೇ ಅದು ಅಪರೂಪದ ಅಸ್ತ್ರವಾಗಿ ಉಳಿಯಬೇಕು.

ಹಲ್ಲೆ ತಡೆ ಕಾನೂನಿನ ವಿಚಾರದಲ್ಲಿ ಸಂಘದ ಹೋರಾಟ ದೀರ್ಘವಾದದ್ದು. ಕರ್ನಾಟಕದಲ್ಲಿ 2009ರಿಂದಲೇ ಇಂಥ ಕಾಯ್ದೆಯಿದ್ದು, ಅದು ಬಂದಾಗ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿತ್ತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಚಿಕಿತ್ಸೆಯಲ್ಲಿದ್ದವರ ಮೇಲೆ ಹಲ್ಲೆಗಳು ನಡೆದಾಗ, ಸಂಘವು ದೇಶದಾದ್ಯಂತ ಪ್ರತಿಭಟನೆ ಘೋಷಿಸಿತು. ಕೇಂದ್ರ ಗೃಹ ಸಚಿವರು ಮಾತುಕತೆ ನಡೆಸಿದ ಮೇಲೆ ಅದನ್ನು ಹಿಂತೆಗೆದುಕೊಂಡಿತು. ಅದೇ ದಿನ, 22ರಂದು, ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿಯಾಗಿ, ತೀವ್ರ ಗಾಯವಾದ ಪ್ರಕರಣಗಳಲ್ಲಿ ಏಳು ವರ್ಷಗಳವರೆಗೆ ಶಿಕ್ಷೆ ವಿಧಿಸಲು ಅವಕಾಶ ದೊರೆಯಿತು. ಸಾಂಕ್ರಾಮಿಕದ ಕಾಲಕ್ಕಷ್ಟೇ ಅನ್ವಯಿಸುವ ಈ ರಕ್ಷಣೆಯನ್ನು ಕಾಯಂ ಮಾಡಬೇಕೆಂಬುದು ಸಂಘದ ವಾದ. ಆದರೆ ಸುಪ್ರೀಂ ಕೋರ್ಟ್ 2024ರಲ್ಲಿ ನೇಮಿಸಿದ ರಾಷ್ಟ್ರೀಯ ಕಾರ್ಯಪಡೆಯು, ಈಗಿರುವ ರಾಜ್ಯ ಕಾಯ್ದೆಗಳೂ ದಂಡಸಂಹಿತೆಯೂ ಸಾಕು, ಪ್ರತ್ಯೇಕ ಕೇಂದ್ರ ಕಾನೂನು ಬೇಕಿಲ್ಲ ಎಂದಿತು. ಕಾನೂನಿನ ಪುಸ್ತಕಕ್ಕಿಂತ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಾಗುವುದೇ ಮುಖ್ಯ ಎಂದು ನಂಬುವ ನನಗೆ ಕಾರ್ಯಪಡೆಯ ಮಾತು ತೀರಾ ತಪ್ಪೆನಿಸುವುದಿಲ್ಲ.

ಸಂಘದ ಕೆಲಸಗಳಲ್ಲಿ ನನಗೆ ಅತ್ಯಂತ ಗೌರವಾರ್ಹವೆನಿಸಿದ್ದು ಒಂದು ಪಟ್ಟಿ. 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್‌ನಿಂದ ಮೃತಪಟ್ಟ ಆರೋಗ್ಯ ಸಿಬ್ಬಂದಿಯ ಲೆಕ್ಕ ಕೇಂದ್ರದ ಬಳಿ ಇಲ್ಲ, ಆರೋಗ್ಯವು ರಾಜ್ಯಗಳ ವಿಷಯ ಎಂಬ ಉತ್ತರ ಸಂಸತ್ತಿನಲ್ಲಿ ಬಂದಾಗ, ಸಂಘವು ತನ್ನ ಶಾಖೆಗಳಿಂದ ಮಾಹಿತಿ ತರಿಸಿ, ಅಷ್ಟು ಹೊತ್ತಿಗೆ ಜೀವ ತೆತ್ತಿದ್ದ 382 ವೈದ್ಯರ ಪಟ್ಟಿಯನ್ನು ಮುಂದಿಟ್ಟಿತು. ಅವರಲ್ಲಿ ಅತಿ ಕಿರಿಯರಿಗೆ 27 ವರ್ಷ, ಅತಿ ಹಿರಿಯರಿಗೆ 85. ಯಾವ ಘೋಷಣೆಯೂ ಮಾಡಲಾಗದ ಕೆಲಸವನ್ನು ಆ ಪಟ್ಟಿ ಮಾಡಿತು. ಊರೂರಿನಲ್ಲಿ ಶಾಖೆಯಿರುವ ಸಂಘವೊಂದು ಸರ್ಕಾರದ ಬಳಿ ಇಲ್ಲದ ಅಂಕಿಅಂಶವನ್ನು ತಾನೇ ಕಲೆಹಾಕಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕ್ಷಯರೋಗ ನಿಯಂತ್ರಣದಲ್ಲೂ ಇಂಥದೇ ಜಾಲದ ಪ್ರಯೋಜನವಾಗಿದೆ. ಖಾಸಗಿ ವೈದ್ಯರೂ ಪ್ರತಿ ಕ್ಷಯರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ನೀಡಬೇಕೆಂಬ ಆದೇಶ 2012ರಲ್ಲಿ ಬರುವುದಕ್ಕೂ ಮೊದಲೇ, ಆ ವೈದ್ಯರನ್ನು ರಾಷ್ಟ್ರೀಯ ಕಾರ್ಯಕ್ರಮದೊಳಕ್ಕೆ ತರುವ ಯೋಜನೆಯಲ್ಲಿ ಸಂಘವು ತೊಡಗಿತ್ತು.

ಇನ್ನು ಹಿತಗಳು ಕವಲೊಡೆಯುವ ಕಡೆಗೆ ಬರೋಣ. ನಂಬಿಕೆಯ ಪ್ರಶ್ನೆ ಏಳುವುದು ಅಲ್ಲಿಯೇ. ವೈದ್ಯರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರಬಾರದೆಂದು ಸಂಘವು ಸುಪ್ರೀಂ ಕೋರ್ಟಿನವರೆಗೂ ಹೋಗಿ, 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸೋತಿತು. ಶುಲ್ಕ ಪಡೆದು ಚಿಕಿತ್ಸೆ ನೀಡುವವರು ಆ ಕಾಯ್ದೆಗೆ ಒಳಪಡುತ್ತಾರೆಂಬ ಆ ತೀರ್ಪಿನಿಂದಾಗಿಯೇ ಇಂದು ನೀವು ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ನಮ್ಮ ರಾಜ್ಯದಲ್ಲಿ 2017ರ ನವೆಂಬರ್‌ನಲ್ಲಿ ನಡೆದದ್ದು ಇನ್ನೂ ಹಲವರ ನೆನಪಿನಲ್ಲಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯಲ್ಲಿ ದರ ನಿಗದಿ, ರೋಗಿಗಳ ಹಕ್ಕುಪತ್ರ, ಜಿಲ್ಲಾ ಮಟ್ಟದ ದೂರು ಪರಿಹಾರ ವ್ಯವಸ್ಥೆ ಮತ್ತು ವೈದ್ಯರಿಗೆ ಸೆರೆವಾಸದ ಅಂಶಗಳಿದ್ದವು. ಸಂಘದ ರಾಜ್ಯ ಶಾಖೆ ಬೆಳಗಾವಿ ಅಧಿವೇಶನದ ಹೊತ್ತಿಗೆ ಅಲ್ಲಿಯೇ ಸತ್ಯಾಗ್ರಹಕ್ಕೆ ಕೂತಿತು, ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳು ಬಾಗಿಲು ಮುಚ್ಚಿದವು, ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ವೈದ್ಯರು ತೀವ್ರವಾಗಿ ವಿರೋಧಿಸಿದ ಅಂಶಗಳನ್ನು ಸಡಿಲಿಸಿದ ಮೇಲಷ್ಟೇ ಮಸೂದೆ ಅಂಗೀಕಾರವಾಯಿತು. ಸೆರೆವಾಸದ ವಿಷಯದಲ್ಲಿ ವೈದ್ಯರ ಆತಂಕಕ್ಕೆ ಅರ್ಥವಿತ್ತು. ಆದರೆ ದೂರು ಪರಿಹಾರ ವ್ಯವಸ್ಥೆಯನ್ನೂ ಅದೇ ಉಸಿರಿನಲ್ಲಿ ವಿರೋಧಿಸಿದ್ದು ರೋಗಿಗಳ ಕಣ್ಣಿನಲ್ಲಿ ಸಂಘವನ್ನು ಸಣ್ಣದಾಗಿಸಿತು.

ಜನರಿಕ್ ಔಷಧದ, ಅಂದರೆ ಕಂಪನಿಯ ಬ್ರಾಂಡ್ ಹೆಸರಿಲ್ಲದೆ ಮೂಲ ಹೆಸರಿನಲ್ಲೇ ಸಿಗುವ ಔಷಧದ, ಪ್ರಕರಣ ಇನ್ನೂ ಸೂಕ್ಷ್ಮ. ಔಷಧವನ್ನು ಮೂಲ ಹೆಸರಿನಲ್ಲೇ ಬರೆಯಬೇಕು, ಔಷಧ ಕಂಪನಿಗಳು ಪ್ರಾಯೋಜಿಸುವ ಸಭೆಗಳಿಂದ ದೂರವಿರಬೇಕು ಎಂಬ ಹೊಸ ನಿಯಮಗಳನ್ನು ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಹೊರಡಿಸಿತು. ಗುಣಮಟ್ಟದ ಖಾತರಿಯಿಲ್ಲದೆ ಮೂಲ ಹೆಸರನ್ನಷ್ಟೇ ಬರೆದುಕೊಟ್ಟರೆ ಯಾವ ಕಂಪನಿಯ ಮಾತ್ರೆ ಎಂಬ ನಿರ್ಧಾರ ವೈದ್ಯರ ಕೈಯಿಂದ ಔಷಧ ಅಂಗಡಿಯವರ ಕೈಗೆ ಹೋಗುತ್ತದೆ ಎಂದು ಸಂಘವು ಆಕ್ಷೇಪಿಸಿತು. ಅದೇ ತಿಂಗಳ 23ರಂದು ಆಯೋಗವು ಇಡೀ ನಿಯಮಾವಳಿಯನ್ನೇ ತಡೆಹಿಡಿಯಿತು. ಗುಣಮಟ್ಟದ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರ ನೆರಳಿನಲ್ಲಿ ಪ್ರಾಯೋಜಕತ್ವದ ನಿರ್ಬಂಧವೂ ಸದ್ದಿಲ್ಲದೆ ತಡೆಯಾಯಿತು, ಮತ್ತು ಅದನ್ನು ಉಳಿಸಿಕೊಳ್ಳಲು ಯಾರೂ ಬೀದಿಗಿಳಿಯಲಿಲ್ಲ. 2008ರಲ್ಲಿ ಬಹುರಾಷ್ಟ್ರೀಯ ಕಂಪನಿಯೊಂದರ ಹಣ್ಣಿನ ರಸಕ್ಕೂ ಓಟ್ಸ್‌ಗೂ ಸಂಘವು ಹಣ ಪಡೆದು ತನ್ನ ಮುದ್ರೆ ಒತ್ತಿತ್ತು, ಅದಕ್ಕಾಗಿ ಈಗಿನ ಆಯೋಗಕ್ಕೂ ಮೊದಲಿದ್ದ ಭಾರತೀಯ ವೈದ್ಯಕೀಯ ಮಂಡಳಿ 2010ರಲ್ಲಿ ಪದಾಧಿಕಾರಿಗಳ ಮೇಲೆ ಕ್ರಮ ಕೈಗೊಂಡಿತ್ತು ಎಂಬುದನ್ನು ಬಲ್ಲವರಿಗೆ ಈ ಮೌನ ಚುಚ್ಚುತ್ತದೆ.

ಆಧುನಿಕ ವೈದ್ಯಪದ್ಧತಿಯ ವಿರುದ್ಧದ ಅಪಪ್ರಚಾರ ಮತ್ತು ರೋಗ ಗುಣಪಡಿಸುವ ಸುಳ್ಳು ಜಾಹೀರಾತುಗಳ ಬಗ್ಗೆ 2022ರಲ್ಲಿ ಪತಂಜಲಿ ಸಂಸ್ಥೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದೂ ಇದೇ ಸಂಘ. ಕಂಪನಿ ಪತ್ರಿಕೆಗಳಲ್ಲಿ ಬಹಿರಂಗ ಕ್ಷಮೆ ಕೇಳುವವರೆಗೂ ಆ ಮೊಕದ್ದಮೆ ನಡೆಯಿತು. ಅದರಿಂದ ಜನರಿಗಾದ ಉಪಕಾರ ದೊಡ್ಡದು. ಅದೇ ವಿಚಾರಣೆಯಲ್ಲಿ, 2024ರ ಏಪ್ರಿಲ್‌ನಲ್ಲಿ, ನಿಮ್ಮ ಸದಸ್ಯರು ದುಬಾರಿ ಔಷಧ ಬರೆಯುತ್ತಾರೆಂಬ ದೂರುಗಳ ಬಗ್ಗೆ ನೀವೇನು ಮಾಡಿದ್ದೀರಿ ಎಂದು ನ್ಯಾಯಪೀಠ ಅರ್ಜಿದಾರರನ್ನೇ ಕೇಳಿತು. ಸಂಘವು ಇಂದಿಗೂ ಸಮರ್ಪಕವಾಗಿ ಉತ್ತರಿಸಬೇಕಾಗಿರುವ ಪ್ರಶ್ನೆ ಅದು.

ಹೀಗಾಗಿ ಸಂಘದ ಮಾತನ್ನು ಇಡಿಯಾಗಿ ನಂಬುವುದೂ ಬೇಡ, ಇಡಿಯಾಗಿ ತಳ್ಳುವುದೂ ಬೇಡ. ಅದರ ಬೇಡಿಕೆಯೊಂದು ಈಡೇರಿದರೆ ಖರ್ಚು ಮತ್ತು ಕಷ್ಟ ಯಾರ ತಲೆಗೆ ಬರುತ್ತದೆ ಎಂದು ನೋಡಿ. ವೈದ್ಯರಿಗೂ ಒಂದಿಷ್ಟು ಭಾರವಾಗುವ ಕೆಲಸಕ್ಕೆ ಸಂಘವೇ ಕೈಜೋಡಿಸಿದಾಗ, ಉದಾಹರಣೆಗೆ ಕ್ಷಯರೋಗ ನಿಯಂತ್ರಣದಂಥದ್ದಕ್ಕೆ, ಅದರ ಮಾತಿಗೆ ಹೆಚ್ಚು ತೂಕ ಕೊಡಿ. ಲಾಭ ಒಂದೇ ಕಡೆಗೆ ಹರಿಯುವಾಗ ಆಧಾರ ಕೇಳಿ.

ದೂರಿನ ವಿಷಯ. ಸಂಘದ ಶಾಖೆಗೆ ಪತ್ರ ಬರೆಯಲು ಅಡ್ಡಿಯಿಲ್ಲ, ಆದರೆ ಅದರಿಂದ ಶಿಕ್ಷೆಯಾಗಲಿ ಪರಿಹಾರವಾಗಲಿ ಸಿಗದು. ವೈದ್ಯರ ನಡತೆ ಅಥವಾ ನಿರ್ಲಕ್ಷ್ಯದ ದೂರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗಬೇಕು. ಖಾಸಗಿ ಆಸ್ಪತ್ರೆಯ ದರ ಅಥವಾ ಸೌಲಭ್ಯದ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬೇಕು. ಹಣದ ಪರಿಹಾರ ಬೇಕಿದ್ದರೆ ಗ್ರಾಹಕ ಆಯೋಗವಿದೆ. ಎಲ್ಲಿಗೆ ಹೋಗುವುದಿದ್ದರೂ ಮೊದಲು ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ನೀಡಬೇಕು ಎಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. ಅರ್ಜಿ ಕೊಟ್ಟ ದಿನಾಂಕ ಮತ್ತು ಆಸ್ಪತ್ರೆಯ ಮೊಹರು ಇರುವ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.